ಮುಯ್ಯಾಳು ಲೆಕ್ಕದ ಲಿನಕ್ಸು

ನಮ್ಮ ಕೈಗೆ ಮೊದಲ ಲಿನಕ್ಸ್ ಸಿ.ಡಿ. ಸಿಕ್ಕಿದ್ದು 2008ರಲ್ಲಿ, ಅಂಚೆಯಣ್ಣನ ಕೈಯಿಂದ. ಆಗ ನಾವೈವರೂ ಗ್ರಾಮೀಣ ಪತ್ರಿಕೋದ್ಯಮ ಓದುತ್ತಾ ಒಂದೇ ರೂಮಿನಲ್ಲಿದ್ದೆವು. ಉಬುಂಟು ಅನ್ನುವವರಿಗೆ ವಿಳಾಸ ಕೊಟ್ಟರೆ ಸಾಕು, ಜಗತ್ತಿನ ಯಾವ ಮೂಲೆಗಾದರೂ ಸಿ.ಡಿ. ಕಳಿಸುತ್ತಾರೆ, ಅಂಚೆ ಖರ್ಚೂ ಅವರದೇ ಅಂತ ಯಾರೋ ಹೇಳಿದ್ದರು. ಪುಕ್ಕಟೆ ಅಂದಮೇಲೆ ಬಿಡುವುದುಂಟೇ? ಐದೂ ಜನ ಐದು ಹೆಸರಲ್ಲಿ ತರಿಸಿಕೊಂಡೆವು. ಬಂದಮೇಲೆ ನೆನಪಾಯಿತು, ನಮ್ಮ ಯಾರ ಹತ್ತಿರವೂ ಕಂಪ್ಯೂಟರ್ ಇರಲಿಲ್ಲ. ಕೊನೆಗೆ ಅವು ಒಬ್ಬನ ಊರಿನ ಸಜ್ಜೆ ಹೊಲ ಸೇರಿದವು. ದಾರಕ್ಕೆ ಕಟ್ಟಿ ಬಿಟ್ಟರೆ ಬಿಸಿಲಿಗೆ ಫಳಫಳ ಹೊಳೆಯುತ್ತವೆ, ಹಕ್ಕಿ ಹೆದರುತ್ತವೆ ಅನ್ನುವ ಲೆಕ್ಕ. ಎರಡು ದಿನ ಹೆದರಿದವು. ಮೂರನೆಯ ದಿನದಿಂದ ಸಿ.ಡಿ. ಪಕ್ಕದಲ್ಲೇ ಕೂತು ತೆನೆ ತಿಂದವು.

ಅಂದರೆ ನಾವು ಲಿನಕ್ಸಿಗೆ ಬಂದದ್ದು ಯಾವ ಆದರ್ಶದಿಂದಲೂ ಅಲ್ಲ. ಬಂದದ್ದು ಇನ್ನೂ ಆರು ವರ್ಷ ಕಳೆದ ಮೇಲೆ, ಬೇರೆ ದಾರಿ ಇಲ್ಲದೆ. ಅಷ್ಟರಲ್ಲಿ ನಮ್ಮಲ್ಲಿ ಮೂವರು ತಾಲ್ಲೂಕು ವರದಿಗಾರರಾಗಿ, ಬಸ್ ಸ್ಟ್ಯಾಂಡಿನ ಹಿಂದೆ ಮಹಡಿ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದು, ಹಳೇ ಪೆಂಟಿಯಂ 4 ಒಂದನ್ನು ಇಟ್ಟುಕೊಂಡಿದ್ದೆವು. ಅದರಲ್ಲಿದ್ದದ್ದು ಎಕ್ಸ್‌ಪಿ. ಎಲ್ಲಿಂದ ಬಂದದ್ದು ಅಂತ ಕೇಳಬೇಡಿ, ಆಗ ಎಲ್ಲರ ಮನೆಯ ಎಕ್ಸ್‌ಪಿಯೂ ಅಲ್ಲಿಂದಲೇ ಬರುತ್ತಿತ್ತು. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪಿಯ ಕೈಬಿಟ್ಟಿತು. ನಮ್ಮ ತಾಲ್ಲೂಕಿಗೆ ಅದು ಸುದ್ದಿಯೇ ಆಗಲಿಲ್ಲ. ಸುದ್ದಿಯಾದದ್ದು ಪೆನ್ ಡ್ರೈವುಗಳು. ಡಿಟಿಪಿ ಸೆಂಟರಿಗೆ ಹೋಗಿ ಬಂದ ಪೆನ್ ಡ್ರೈವ್ ಚುಚ್ಚಿದರೆ ಫೋಲ್ಡರುಗಳೆಲ್ಲ ಮಾಯವಾಗಿ ಶಾರ್ಟ್‌ಕಟ್ ಆಗಿ ಕೂತಿರುತ್ತಿದ್ದವು. ತಿಂಗಳಿಗೊಮ್ಮೆ ಫಾರ್ಮ್ಯಾಟು, ಫಾರ್ಮ್ಯಾಟಿಗೆ ಮುನ್ನೂರು ರೂಪಾಯಿ. ಸುದ್ದಿಯೊಂದಕ್ಕೆ ನಮಗೆ ಅಷ್ಟು ಸಿಗುತ್ತಿರಲಿಲ್ಲ. ಕೊನೆಗೆ ನಮ್ಮಲ್ಲೊಬ್ಬ, ಹಕ್ಕಿ ಹೆದರಿಸಿದವನೇ, ಲುಬುಂಟು ಇಳಿಸಿಕೊಂಡು ಬಂದು ಹಾಕಿಯೇ ಬಿಟ್ಟ. 512 ಎಂಬಿ ರ‍್ಯಾಮಿನ ಮುದಿ ಯಂತ್ರ ಎದ್ದು ಕೂತಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದರಲ್ಲೂ ಇತ್ತು, ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಾಗಿರಲಿಲ್ಲ. ನಮಗೆ ಅಷ್ಟೇ ಬೇಕಾಗಿದ್ದದ್ದು. ಇಷ್ಟಕ್ಕೆ ಮುಗಿದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಮರುವರ್ಷ ಒಂದು ಫೋನ್ ಬಂತು. "ಅಣ್ಣ, ನಮ್ಮಜ್ಜಿ ಹತ್ರ ಪದ ಬರ್ಕೊಂಡೋಗಿದ್ರಲ್ಲ, ಅವು ಇನ್ನೂ ಇದಾವಾ?"

ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಓದುವಾಗ, 2009ರಲ್ಲಿ, ಪ್ರಾಜೆಕ್ಟಿಗೆಂದು ಒಂದು ಊರಿನ ಸೋಬಾನೆ ಅಜ್ಜಿಯ ಹತ್ತಿರ ನಾಲ್ಕು ದಿನ ಕೂತಿದ್ದೆವು. ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ ಹಾಡುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಅರಿಶಿನ ಹಚ್ಚುವಾಗಿನದು, ಚಪ್ಪರ ಹಾಕುವಾಗಿನದು, ಬೀಗರನ್ನು ಬಯ್ಯುವ ಹಾಡುಗಳಂತೂ ಲೆಕ್ಕವಿಲ್ಲ. ಅವನ್ನು ಹೇಳುವಾಗ ಅಜ್ಜಿಗೇ ನಗು ತಡೆಯಲಾಗದೆ ನಿಲ್ಲಿಸಿಬಿಡುತ್ತಿದ್ದರು. ಫೋನಿನಲ್ಲಿ ರೆಕಾರ್ಡೂ ಮಾಡಿದ್ದೆವು, ಮೆಮೊರಿ ಕಾರ್ಡ್ ಯಾವತ್ತೋ ಕೈಕೊಟ್ಟಿತ್ತು. ಉಳಿದದ್ದು ನುಡಿಯಲ್ಲಿ ಟೈಪ್ ಮಾಡಿಟ್ಟ ಹದಿನೆಂಟು ಫೈಲು, ಒಂದು ಸಿ.ಡಿ.ಯಲ್ಲಿ. ಈ ಸಿ.ಡಿ. ಪುಣ್ಯಕ್ಕೆ ಹೊಲಕ್ಕೆ ಹೋಗಿರಲಿಲ್ಲ.

ಅಜ್ಜಿ ತೀರಿಕೊಂಡು ಒಂದು ವರ್ಷವಾಗಿತ್ತಂತೆ. ಮುಂದಿನ ತಿಂಗಳು ಮೊಮ್ಮಗಳ ಮದುವೆ. ಜೊತೆಗೆ ಹಾಡುತ್ತಿದ್ದ ಹೆಂಗಸರಿಗೆ ಸೊಲ್ಲು ಹಿಡಿಯಲು ಬರುತ್ತದೆ, ಮುಂದೆ ತಗೊಂಡು ಹೋಗುತ್ತಿದ್ದದ್ದು ಅಜ್ಜಿಯೇ. "ವಾಟ್ಸಾಪಿಗೆ ಹಾಕಿ ಅಣ್ಣ, ಮೂರೂರಲ್ಲಿರೋ ಅತ್ತೆದೀರಿಗೂ ಕಳಿಸ್ತೀನಿ, ಮದುವೆ ಹೊತ್ತಿಗೆ ಬಾಯಿಪಾಠ ಮಾಡ್ಕೊಳ್ಲಿ" ಅಂದ.

ಇವತ್ತೇ ಕಳಿಸುತ್ತೇವೆ ಅಂದೆವು. ಸಿ.ಡಿ. ಹಾಕಿ ಫೈಲು ತೆರೆದರೆ ಎದೆ ಧಸಕ್ಕೆಂದಿತು. ಕನ್ನಡ ಅನ್ನುವ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಬಿದ್ದ ಎ, ಪೌಂಡಿನ ಗುರುತು, ಮತ್ತೆ ಅದೇ ಗೀಟಿನ ಎ, ಬಿ ಥರ ಕಾಣುವ ಒಂದು ಜರ್ಮನ್ ಅಕ್ಷರ, ಕ್ಯೂ, ಮತ್ತೆ ಎ. ಹದಿನೆಂಟು ಫೈಲೂ ಹಾಗೆಯೇ.

ಹೆದರಿಕೆಯಲ್ಲಿ ಒಂದು ಲಿನಕ್ಸ್ ಬಳಗಕ್ಕೆ ಹೋಗಿ ಕೇಳಿದೆವು. ಕೇಳಿದ್ದು ಹೇಗೆ ಅಂದರೆ, ಅರ್ಜೆಂಟ್ ಹೆಲ್ಪ್ ಪ್ಲೀಸ್, ಲಿನಕ್ಸಿನಲ್ಲಿ ಕನ್ನಡ ಬರುತ್ತಿಲ್ಲ, ಏನು ಮಾಡಬೇಕು, ಅಷ್ಟೇ. ಐದು ನಿಮಿಷದಲ್ಲಿ ಉತ್ತರ ಬಂತು: ಮೊದಲು ಕೈಪಿಡಿ ಓದಿ, ಆಮೇಲೆ ಬನ್ನಿ. ಅದರ ಕೆಳಗೆ ಇನ್ನಿಬ್ಬರು ನಗುವ ಮುಖ ಹಾಕಿ ಹೋಗಿದ್ದರು. ಆ ರಾತ್ರಿ ನಾವು ಲಿನಕ್ಸಿನ ಕುಲಕೋಟಿಗೆಲ್ಲ ಬೈದೆವು. ದೊಡ್ಡ ಊರಿನ ಇಂಗ್ಲಿಷ್ ಹುಡುಗರಿಗೆ ನಮ್ಮಂಥವರೆಂದರೆ ತಾತ್ಸಾರ ಅಂತ ತೀರ್ಮಾನವನ್ನೂ ಮಾಡಿಕೊಂಡೆವು. ಅದರಲ್ಲಿ ಸುಳ್ಳೂ ಇರಲಿಲ್ಲ. ಆ ಲೋಕದಲ್ಲಿ ಒರಟುತನವನ್ನೇ ಬುದ್ಧಿವಂತಿಕೆ ಅಂದುಕೊಂಡವರ ಒಂದು ಪಂಗಡ ಮೊದಲಿನಿಂದ ಇದೆ. ಲಿನಕ್ಸ್ ಹುಟ್ಟಿಸಿದ ಲೀನಸ್ ಟೋರ್ವಾಲ್ಡ್ಸ್ ಕೂಡ ಜೊತೆ ಕೆಲಸಗಾರರನ್ನು ಎಲ್ಲರೆದುರಿಗೆ ಬಯ್ಯುವುದಕ್ಕೆ ಹೆಸರಾದವರೇ. 2018ರ ಸೆಪ್ಟೆಂಬರಿನಲ್ಲಿ ಅವರು ಬಹಿರಂಗವಾಗಿ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರ ಉಳಿದರು, ಅದೇ ಹೊತ್ತಿಗೆ ಬಳಗಕ್ಕೊಂದು ನಡವಳಿಕೆಯ ಸಂಹಿತೆಯೂ ಬಂತು. ಅಷ್ಟಾಗಲು ಇಪ್ಪತ್ತೇಳು ವರ್ಷ ಬೇಕಾಯಿತು ಅನ್ನುವುದನ್ನು ಅಭಿಮಾನಿಗಳು ಹೆಚ್ಚು ಹೇಳುವುದಿಲ್ಲ.

ಆದರೆ ಬೆಳಗ್ಗೆ ಗೆಳತಿಯೊಬ್ಬಳು ನಮ್ಮ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಳು. "ಇದನ್ನ ವರದಿ ಅಂತ ಕಳಿಸಿದ್ರೆ ಉಪಸಂಪಾದಕರು ಏನಂತಿದ್ರು?" ಅಂದಳು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅಂತ ವರ್ಷಗಟ್ಟಲೆ ಬಾಯಿಪಾಠ ಮಾಡಿದವರು ನಾವು. ಯಾವ ಲಿನಕ್ಸ್, ಯಾವ ಫೈಲು, ಯಾವುದರಲ್ಲಿ ಟೈಪ್ ಮಾಡಿದ್ದು, ಏನು ಕಾಣುತ್ತಿದೆ, ಒಂದನ್ನೂ ಬರೆದಿರಲಿಲ್ಲ. ಎರಡನೆಯ ಸಲ ಎಲ್ಲವನ್ನೂ ಬರೆದು, ಒಂದು ಪುಟದ ಚಿತ್ರ ಲಗತ್ತಿಸಿ, ಬೇರೊಂದು ಕಡೆ ಕೇಳಿದೆವು. ಅಜ್ಜಿಯ ವಿಷಯವನ್ನೂ ಒಂದು ಸಾಲು ಸೇರಿಸಿದೆವು. ರಾತ್ರಿ ಎರಡು ಗಂಟೆಗೆ ಉತ್ತರ ಬಂದಿತ್ತು, ಕನ್ನಡದಲ್ಲಿ.

ಬರೆದವರು ಯಾರೋ, ಎಲ್ಲಿಯವರೋ, ಹೆಸರಿನ ಜಾಗದಲ್ಲಿ ಎರಡಕ್ಷರ ಅಷ್ಟೇ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದ್ದು ಇದು. ನಮ್ಮ ಫೈಲುಗಳಲ್ಲಿ ಕನ್ನಡವೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಆ ಜಾಗಗಳಲ್ಲಿ ಕನ್ನಡದ ಚಿತ್ರ ಕೂರಿಸಿದ್ದು ಫಾಂಟು. ಪಿ ಅನ್ನುವ ಮನೆಯಲ್ಲಿ ಕ ದ ಒಂದು ತುಂಡು ಬಾಡಿಗೆಗಿದೆ. ಫಾಂಟು ಇರುವಲ್ಲಿ ಕನ್ನಡ ಕಾಣುತ್ತದೆ, ಇಲ್ಲದಲ್ಲಿ ಮನೆಯ ಯಜಮಾನನೇ ಕಾಣುತ್ತಾನೆ. ಆ ಫಾಂಟನ್ನು ತಂದು ಹೋಮ್‌ನಲ್ಲಿ ಒಂದು ಫೋಲ್ಡರಿಗೆ ಹಾಕಿದರೆ ಲಿನಕ್ಸಿನಲ್ಲೂ ಕಾಣುತ್ತದೆ, ಇವತ್ತಿನ ಮಟ್ಟಿಗೆ ಪ್ರಿಂಟ್ ತೆಗೆದುಕೊಳ್ಳಿ. ಆದರೆ ಫೋನಿಗೆ ಕಳಿಸಿದರೆ ಕಾಣುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ನಾಳೆ ಆ ಫಾಂಟೇ ಸಿಗದಿದ್ದರೆ ಅಜ್ಜಿಯೂ ಸಿಗುವುದಿಲ್ಲ. ಯುನಿಕೋಡಿಗೆ ಬದಲಿಸಿ. ಅದರಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದೆ. ಕೆಳಗೆ ಒಂದು ಪೈಥಾನ್ ಸ್ಕ್ರಿಪ್ಟ್ ಇದೆ, ನಾನೇ ಬರೆದದ್ದು, ಬಳಸಿ, ತಪ್ಪಿದ್ದರೆ ತಿಳಿಸಿ.

ಆ ಉತ್ತರ ಓದುವವರೆಗೆ, ನಮ್ಮ ಬರವಣಿಗೆಯೆಲ್ಲ ಬಾಡಿಗೆ ಮನೆಯಲ್ಲಿದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಅಜ್ಜಿಯ ಹಾಡಷ್ಟೇ ಅಲ್ಲ. ಆರು ವರ್ಷ ಬರೆದ ಬರದ ಸುದ್ದಿ, ಕೊಳವೆಬಾವಿ ಸುದ್ದಿ, ಕಡಲೆಕಾಯಿ ಬೆಲೆ ಬಿದ್ದದ್ದು, ಊರು ಬಿಟ್ಟು ಹೋದವರದ್ದು, ಎಲ್ಲವೂ. ಕಾಗದದ ಮೇಲೆ ಅಚ್ಚಾದದ್ದು ಎಲ್ಲೋ ಕಜ್ಜಾಯ ಕಟ್ಟಲು ಹೋಗಿದೆ. ಉಳಿದದ್ದು ಈ ಫೈಲುಗಳು, ಅವೂ ಪೌಂಡು, ಗೀಟಿನ ಎ.

ಸ್ಕ್ರಿಪ್ಟ್ ಓಡಿಸಿದೆವು. ಕಪ್ಪು ಪರದೆಯ ಮೇಲೆ ಒಂದು ಸಾಲು ಹೊಡೆದು ಎಂಟರ್ ಒತ್ತಿದ್ದಷ್ಟೇ, ಅಜ್ಜಿಯ ಹಾಡು ಕನ್ನಡದಲ್ಲಿ ಬಂದು ಕೂತಿತು. ಒಬ್ಬ ಎದ್ದು ಹೊರಗೆ ಹೋಗಿ ಮಹಡಿಯ ಗೋಡೆ ಹಿಡಿದು ನಿಂತುಕೊಂಡ. ಯಾಕೆ ಅಂತ ಯಾರೂ ಕೇಳಲಿಲ್ಲ.

ಪೂರ್ತಿ ಸರಿ ಬಂದಿರಲಿಲ್ಲ. ಹಳೇ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯುನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮ, ರ ಮೊದಲು. ಸ್ಕ್ರಿಪ್ಟು ಅದನ್ನೆತ್ತಿ ಹಿಂದಕ್ಕೆ ಇಡಬೇಕು, ಎಷ್ಟು ಹಿಂದಕ್ಕೆ ಅನ್ನುವುದರಲ್ಲಿ ಆಗಾಗ ಎಡವುತ್ತಿತ್ತು. ಇನ್ನೊಂದು ತೊಂದರೆ ನಮ್ಮ ವರದಿಗಳಲ್ಲಿ ಕಂಡಿತು. ರ‍್ಯಾಲಿ ಅನ್ನುವುದು ರ್ಯಾಲಿ ಆಗಿಬಿಡುತ್ತಿತ್ತು. ರ ಕ್ಕೆ ಯ ಒತ್ತು ಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕು, ಇಲ್ಲದಿದ್ದರೆ ಯುನಿಕೋಡು ಅದನ್ನು ಅರ್ಕಾವತ್ತು ಮಾಡುತ್ತದೆ. ಸಾಮಾನ್ಯರಿಗೆ ಈ ತೊಂದರೆ ಅಪರೂಪಕ್ಕೆ ಬಂದೀತು. ತಾಲ್ಲೂಕು ವರದಿಗಾರನಿಗೆ ರ‍್ಯಾಲಿ ಇಲ್ಲದೆ ವಾರ ಕಳೆಯುತ್ತದೆಯೇ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ರ‍್ಯಾಂಕು ಬೇರೆ. ನೋಟ್‌ಬುಕ್ಕಿನ ಎರಡು ಪುಟ ತಪ್ಪುಗಳನ್ನು ಪಟ್ಟಿ ಮಾಡಿ ಆ ಎರಡಕ್ಷರದವರಿಗೆ ಕಳಿಸಿದೆವು. ಮೂರು ದಿನದಲ್ಲಿ ತಿದ್ದಿದ ಸ್ಕ್ರಿಪ್ಟು ಬಂತು, ಜೊತೆಗೆ ಈ ಪಟ್ಟಿ ಬಹಳ ಉಪಯೋಗವಾಯಿತು ಅಂತ ಒಂದು ಸಾಲು. ಅಷ್ಟು ದೊಡ್ಡ ಲೋಕದಲ್ಲಿ ನಮ್ಮಿಂದಲೂ ಒಂದು ಉಪಯೋಗವಾಯಿತು ಅನ್ನುವುದು ಬಹಳ ದಿನ ನಾಲಿಗೆ ಮೇಲೆ ಬೆಲ್ಲದಂತಿತ್ತು.

ಮದುವೆಯ ಚಪ್ಪರದ ದಿನ ನಾವೂ ಹೋಗಿದ್ದೆವು. ಮದುಮಗಳ ಚಿಕ್ಕ ತಂಗಿ ಫೋನ್ ನೋಡಿಕೊಂಡು ಓದುತ್ತಿದ್ದಳು, ಹೆಂಗಸರು ಎತ್ತಿಕೊಳ್ಳುತ್ತಿದ್ದರು. ಒಂದು ಕಡೆ ವಯಸ್ಸಾದವರೊಬ್ಬರು ತಡೆದು, "ಇದು ತಪ್ಪು. ಅವ್ಳು ಇಲ್ಲಿ ಇನ್ನೊಂದು ಮಾತು ಹೇಳ್ತಿದ್ಳು" ಅಂದರು. ಅದು ಸ್ಕ್ರಿಪ್ಟಿನ ತಪ್ಪಲ್ಲ, 2009ರಲ್ಲಿ ನಾವೇ ಅವಸರದಲ್ಲಿ ಬಿಟ್ಟದ್ದು. ಅಲ್ಲೇ ಫೋನಿನಲ್ಲೇ ತಿದ್ದಿದಳು ಹುಡುಗಿ. ಪೌಂಡು, ಗೀಟಿನ ಎ ಆಗಿದ್ದರೆ ಅದನ್ನು ಅವಳು ಹೇಗೆ ತಿದ್ದುತ್ತಿದ್ದಳು?

ಆಮೇಲೆಯೇ ನಾವು ಲಿನಕ್ಸಿನ ಕಥೆಯನ್ನು ಸರಿಯಾಗಿ ಓದಿಕೊಂಡದ್ದು. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಅನ್ನುವವರು ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಸಿಕ್ಕಿಕೊಂಡರೆ ಪ್ರಿಂಟ್ ಕೊಟ್ಟವರಿಗೆ ಗೊತ್ತಾಗುತ್ತಿರಲಿಲ್ಲ. ಹಳೇ ಪ್ರಿಂಟರಿನ ತಂತ್ರಾಂಶವನ್ನು ಅವರೇ ತಿದ್ದಿ ಸುದ್ದಿ ಮುಟ್ಟಿಸುವ ಹಾಗೆ ಮಾಡಿದ್ದರು, ಹೊಸದರ ಮೂಲ ಕೋಡನ್ನು ಕೊಡಲಿಲ್ಲ. ಡಿಟಿಪಿ ಸೆಂಟರಿನಲ್ಲಿ ಕಾಗದ ಸಿಕ್ಕಿಕೊಂಡ ಪ್ರಿಂಟರ್ ಮುಂದೆ ನಿಂತವರಿಗೆ ಈ ಸಿಟ್ಟು ಥಟ್ಟನೆ ಅರ್ಥವಾಗುತ್ತದೆ. 1983ರಲ್ಲಿ ಅವರು ಗ್ನೂ ಎಂಬ ಯೋಜನೆ ಘೋಷಿಸಿದರು. ಇಂಗ್ಲಿಷಿನ ಫ್ರೀ ಅನ್ನುವ ಪದಕ್ಕೆ ಪುಕ್ಕಟೆ, ಸ್ವತಂತ್ರ ಎರಡೂ ಅರ್ಥವಿರುವುದರಿಂದ ಅಲ್ಲಿಂದ ಇಲ್ಲಿಯವರೆಗೆ ಅವರು ಅದನ್ನು ಬಿಡಿಸಿ ಹೇಳುತ್ತಲೇ ಇದ್ದಾರೆ. ಕನ್ನಡಕ್ಕೆ ಆ ಕಷ್ಟವಿಲ್ಲ, ಎರಡಕ್ಕೂ ಬೇರೆ ಬೇರೆ ಪದವಿದೆ. ಆದರೂ ನಾವು ಪುಕ್ಕಟೆ ಅಂತಲೇ ಸಿ.ಡಿ. ತರಿಸಿಕೊಂಡಿದ್ದು! 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಟೋರ್ವಾಲ್ಡ್ಸ್, ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಮಾಡುತ್ತಿದ್ದೇನೆ, ದೊಡ್ಡದೇನೂ ಆಗುವುದಿಲ್ಲ, ನಿಮಗೆ ಏನು ಬೇಕು ಹೇಳಿ ಅನ್ನುವ ಅರ್ಥದಲ್ಲಿ ಬರೆದು ಹಾಕಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಇವತ್ತು ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳಕ್ಕೆ ಇರುವುದು ಅದೇ. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ ಐನೂರು ಸೂಪರ್ ಕಂಪ್ಯೂಟರುಗಳ ಪಟ್ಟಿಯ ಐನೂರರಲ್ಲೂ ಅದೇ.

ಇದನ್ನೆಲ್ಲ ಓದುವಾಗ ನಮಗೆ ನೆನಪಾದದ್ದು ಮುಯ್ಯಾಳು. ಕಡಲೆಕಾಯಿ ಕೀಳುವಾಗ, ರಾಗಿ ಕೊಯ್ಯುವಾಗ, ಈ ವಾರ ಆ ಮನೆಯ ನಾಲ್ಕು ಆಳು ನಮ್ಮ ಹೊಲಕ್ಕೆ, ಮುಂದಿನ ವಾರ ನಮ್ಮ ಮನೆಯ ನಾಲ್ಕು ಆಳು ಅವರ ಹೊಲಕ್ಕೆ. ದುಡ್ಡಿನ ಮಾತಿಲ್ಲ. ಆದರೆ ಅದನ್ನು ಪುಕ್ಕಟೆ ಅಂದರೆ ನಮ್ಮಮ್ಮಂದಿರು ನಗುತ್ತಾರೆ. ಯಾರ ಮನೆಗೆ ಎಷ್ಟು ಆಳು ಬಾಕಿ ಅನ್ನುವುದು ಅವರ ನಾಲಿಗೆ ತುದಿಯಲ್ಲಿರುತ್ತದೆ. ಲಿನಕ್ಸಿನದ್ದೂ ಈ ಲೆಕ್ಕವೇ, ಒಂದು ವ್ಯತ್ಯಾಸ ಇದೆ. ಇಲ್ಲಿ ಮುಯ್ಯಿ ತೀರಿಸುವುದು ಬಂದವರ ಮನೆಗಲ್ಲ, ಮುಂದೆ ಕಷ್ಟಕ್ಕೆ ಸಿಕ್ಕವರ ಮನೆಗೆ. ಬಾಕಿ ನೆನಪಿಟ್ಟುಕೊಳ್ಳುವ ಅಮ್ಮ ಇಲ್ಲ. ಆದ್ದರಿಂದಲೇ ಮರೆಯುವುದು ಬಹಳ ಸುಲಭ.

ಮರೆತರೆ ಏನಾಗುತ್ತದೆ ಅಂತ 2024ರ ಮಾರ್ಚಿನಲ್ಲಿ ಕಂಡಿತು. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಅನ್ನುವ ಸಣ್ಣ ತಂತ್ರಾಂಶವೊಂದಿದೆ, ಹೆಚ್ಚುಕಡಿಮೆ ಎಲ್ಲ ಲಿನಕ್ಸಿನಲ್ಲೂ ಇರುತ್ತದೆ. ಅದನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದದ್ದು ಫಿನ್ಲೆಂಡಿನ ಲಾಸ್ಸೆ ಕೊಲಿನ್, ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ. ಮನಸ್ಸಿನ ಆರೋಗ್ಯ ಸರಿಯಿಲ್ಲ, ಕೆಲಸ ನಿಧಾನವಾಗುತ್ತಿದೆ ಅಂತ 2022ರಲ್ಲಿ ಅವರೇ ಹೇಳಿಕೊಂಡಿದ್ದರು. ಗುರುತಿಲ್ಲದ ಹೆಸರುಗಳು ಬಂದು ಕೈಲಾಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಅಂತ ಅವರನ್ನು ಒತ್ತಾಯಿಸಿದವು. ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಒಬ್ಬರು ಸಹಾಯಕ್ಕೆ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟರು. ಮುಯ್ಯಾಳಿಗೆ ಬಂದವನು ರಾತ್ರಿ ಹೊಲದ ಬದುವನ್ನೇ ಒತ್ತಿದ ಹಾಗೆ. ಅದು ಬಯಲಾದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರಿಂದ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಯಾಕೆ ಅಂತ ಅವರು ಬೆನ್ನು ಹತ್ತಿದರು. ಅರ್ಧ ಸೆಕೆಂಡ್! ಹೆಚ್ಚಿನ ಯಂತ್ರಗಳಿಗೆ ಮುಟ್ಟುವ ಮೊದಲೇ ಸಿಕ್ಕಿಬಿತ್ತು. ಎಲ್ಲರೂ ಫ್ರಾಯಿಂಡರನ್ನು ಹೊಗಳಿದರು, ಹೊಗಳಬೇಕಾದದ್ದೇ. ನಮಗೆ ಮಾತ್ರ ಆ ಸುದ್ದಿಯಲ್ಲಿ ಕಾಡಿದ್ದು ಕೊಲಿನ್. ಜಗತ್ತೆಲ್ಲ ಅವರ ಹೊಲದಲ್ಲಿ ಉಂಡಿತ್ತು, ಕಳೆ ಕೀಳಲು ಒಂದು ಆಳೂ ಬಂದಿರಲಿಲ್ಲ. ಬಂದವನೊಬ್ಬ ಕಳ್ಳ.

ನಮ್ಮ ಎರಡಕ್ಷರದವರಿಗೆ ಆ ದಿನ ಒಂದು ಪತ್ರ ಬರೆದೆವು. ಮದುವೆಯ ಕಥೆ, ಹುಡುಗಿ ಫೋನಿನಲ್ಲಿ ತಿದ್ದಿದ್ದು, ಎಲ್ಲ. ಒಂಬತ್ತು ವರ್ಷದ ಹಿಂದೆಯೇ ಬರೆಯಬೇಕಾಗಿತ್ತು. ಆ ವಿಳಾಸವೇ ಈಗ ಇಲ್ಲವೆಂದು ಪತ್ರ ವಾಪಸು ಬಂತು.

ಲಿನಕ್ಸು ನಮ್ಮ ಎಲ್ಲ ಕಷ್ಟ ಕಳೆಯಿತು ಅಂತ ಬರೆದರೆ ಅದು ಜಾಹೀರಾತಾಗುತ್ತದೆ. ನಾವು ಅಚ್ಚು ಹಾಕಿಸುವ ಪ್ರೆಸ್ಸಿನಲ್ಲಿ ಇವತ್ತಿಗೂ ಪೇಜ್‌ಮೇಕರ್. ಅದಕ್ಕೆ ಯುನಿಕೋಡ್ ಕನ್ನಡ ಅರ್ಥವಾಗುವುದಿಲ್ಲ, ಆದ್ದರಿಂದ ಸ್ವಂತ ಮನೆಯ ಕನ್ನಡವನ್ನು ಮತ್ತೆ ಬಾಡಿಗೆ ಮನೆಗೆ ಸಾಗಿಸಿ ಕೊಡುತ್ತೇವೆ. ಲಿನಕ್ಸಿನ ಸ್ಕ್ರೈಬಸ್‌ನಲ್ಲಿ ಪುಟ ಕಟ್ಟಲು ನೋಡಿದ್ದೆವು, ಆಗ ಅದರಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಆಮೇಲೆ ಸುಧಾರಿಸಿದೆ, ಪ್ರೆಸ್ಸಿನವರಿಗೆ ಪುರುಸೊತ್ತಿಲ್ಲ.

ಈಗ ನಮ್ಮ ಸುತ್ತಲಿನ ಮಾತುಕತೆಯೆಲ್ಲ ವಾಟ್ಸಾಪಿನಲ್ಲಿ. ವರದಿಗಾರರ ಗುಂಪೊಂದರಲ್ಲಿ ನುಡಿಯಿಂದ ಯುನಿಕೋಡಿಗೆ ಹೇಗೆ ಅನ್ನುವ ಪ್ರಶ್ನೆ ತಿಂಗಳಿಗೊಮ್ಮೆ ಬರುತ್ತದೆ. ಯಾರೋ ಉತ್ತರಿಸುತ್ತಾರೆ. ಅದರ ಮೇಲೆ ನಲವತ್ತು ಶುಭೋದಯ, ಎರಡು ಹುಟ್ಟುಹಬ್ಬ, ಒಂದು ಸುಳ್ಳು ಸುದ್ದಿ ಬಂದು ಕೂರುತ್ತವೆ. ಮುಂದಿನ ತಿಂಗಳು ಮತ್ತದೇ ಪ್ರಶ್ನೆ. ಒಳ್ಳೆಯ ಮನಸ್ಸು ಅಲ್ಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಹೊರಗಿನವರಿಗೆ ಕಾಣುವ ಜಾಗದಲ್ಲಿ ಅದು ಉಳಿಯುವುದಿಲ್ಲ. ನಮಗೆ ರಾತ್ರಿ ಎರಡಕ್ಕೆ ಬಂದ ಆ ಉತ್ತರವನ್ನು ಆಮೇಲೆ ಎಷ್ಟೋ ಜನ ಓದಿ ಧನ್ಯವಾದ ಬರೆದಿದ್ದರು, ಕೊಪ್ಪಳದವರೊಬ್ಬರು, ದುಬೈನಿಂದ ಒಬ್ಬರು. ಈಗ ಎಐ ಕೇಳಿದರೆ ಆಯಿತಲ್ಲ ಅನ್ನುತ್ತಾರೆ ಹುಡುಗರು. ಕೇಳಿ, ತಪ್ಪೇನಿಲ್ಲ. ಅದು ಕಲಿತದ್ದು ಇಂಥ ರಾತ್ರಿಗಳಲ್ಲಿ ಯಾರೋ ಬರೆದಿಟ್ಟದ್ದರಿಂದ. ಇನ್ನು ಮುಂದೆ ಬರೆದಿಡುವವರು ಯಾರು ಅನ್ನುವುದು ನಮ್ಮ ಕೋಣೆಯಲ್ಲಿ ಚಹಾದ ಹೊತ್ತಿನ ಜಗಳ.

ಹೋದ ತಿಂಗಳು ರಾಯಚೂರು ಕಡೆಯ ಹುಡುಗನೊಬ್ಬ ಬರೆದಿದ್ದ. ಅರ್ಜೆಂಟ್ ಹೆಲ್ಪ್ ಪ್ಲೀಸ್ ಅಂತಲೇ ಶುರು. ಕೈಪಿಡಿ ಓದಿ ಬಾ ಅನ್ನಲಿಲ್ಲ, ಒಂದು ಪುಟ ಕಳಿಸಪ್ಪ ಅಂದೆವು. ಅವರ ತಾತನ ಬಯಲಾಟದ ಪ್ರಸಂಗ, ಇಪ್ಪತ್ತು ವರ್ಷದ ಹಿಂದೆ ಯಾರೋ ಟೈಪ್ ಮಾಡಿಕೊಟ್ಟದ್ದು. ನೋಡಿದರೆ ನುಡಿಯಲ್ಲ, ಬೇರೆ ಯಾವುದೋ ಕಂಪನಿಯ ಫಾಂಟು. ಯಾವ ಅಕ್ಷರದ ಮನೆಯಲ್ಲಿ ಯಾವುದನ್ನು ಕೂರಿಸಿದ್ದಾರೆ ಅನ್ನುವ ಪಟ್ಟಿ ನಮಗೆಲ್ಲೂ ಸಿಗಲಿಲ್ಲ. ಪುಣ್ಯಕ್ಕೆ ಅವನ ಹತ್ತಿರ ಅದರದೇ ಹಳೇ ಪ್ರಿಂಟ್ ನಾಲ್ಕು ಹಾಳೆ ಉಳಿದಿವೆ. ಪ್ರಿಂಟು ಒಂದು ಕಡೆ, ಪರದೆ ಒಂದು ಕಡೆ ಇಟ್ಟುಕೊಂಡು ಭಾನುವಾರಗಳಲ್ಲಿ ಹೋಲಿಸುತ್ತಾ ಪಟ್ಟಿ ಕಟ್ಟುತ್ತಿದ್ದೇವೆ. ಕ ದಿಂದ ಡ ದವರೆಗೆ ಆಗಿದೆ. ಢ ಮಾತ್ರ ಆ ನಾಲ್ಕು ಹಾಳೆಯಲ್ಲಿ ಎಲ್ಲೂ ಬಂದಿಲ್ಲ. ಅದೇ ಫಾಂಟಿನ ಹಳೇ ಪ್ರಿಂಟು ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ.